ಸ್ಟೇರಿಂಗ್ ಕೈಯಲ್ಲಿದ್ದಾಗ ಯಾವ ಹಾಡು?

ಇಯರ್‌ಫೋನ್ ಹಾಕ್ಕೊಂಡು ಬೈಕ್ ಓಡಿಸ್ತಾ ಇದನ್ನ ಕೇಳ್ತಿದ್ದೀರಾ? ಹಾಗಿದ್ರೆ ಗಾಡಿ ಪಕ್ಕಕ್ಕೆ ಹಾಕಿ, ಇಲ್ಲಾ ಊರು ಮುಟ್ಟಿದ ಮೇಲೆ ಕೇಳಿ. ಇವತ್ತಿನ ಮಾತು ಅದರ ಬಗ್ಗೆನೇ.

ನನ್ನದು ದೇವಣಗಾಂವ. ವಿಜಯಪುರ ಜಿಲ್ಲೆಯಲ್ಲಿ, ಸಿಂದಗಿ–ಆಲಮೇಲ ಭಾಗದಲ್ಲಿ ಭೀಮಾ ನದಿ ದಂಡೆಗಿರುವ ಊರು. ನನಗೆ ಮನೆಯಲ್ಲಿ ಕೂತು ಹಾಡು ಕೇಳುವ ಹುಚ್ಚು. ಸ್ಪೀಕರ್ ಗೋಡೆಯಿಂದ ಎಷ್ಟು ದೂರ ಇರಬೇಕು ಅಂತ ಗೇಣು ಹಾಕಿ ಅಳೆದವನು ನಾನು. ಗೋಳಗುಮ್ಮಟದ ಜಿಲ್ಲೆಯವರಿಗೆ ಪ್ರತಿಧ್ವನಿ ಅಂದ್ರೆ ಏನು ಅಂತ ಯಾರೂ ಕಲಿಸಬೇಕಾಗಿಲ್ಲ. ನನ್ನ ಕೋಣೆಯಲ್ಲಿ ಅದನ್ನ ಕಡಿಮೆ ಮಾಡೋಕೆ ಅವ್ವನ ಎರಡು ಕೌದಿ ಗೋಡೆಗೆ ತೂಗುಹಾಕಿದ್ದೇನೆ.

ಹಿಂಗಿದ್ದವನು ಕಾರಿನಲ್ಲೂ ಅದೇ ಸುಖ ಬೇಕು ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ.

ಹೋದ ಕಬ್ಬಿನ ಹಂಗಾಮು. ರಾತ್ರಿ ಗೆಳೆಯನ ಜೊತೆ ಸಿಂದಗಿಯಿಂದ ಊರಿಗೆ ಬರ್ತಿದ್ದೆ. ಭೀಮಸೇನ ಜೋಶಿಯವರ ವಿಲಂಬಿತ ಖಯಾಲ್ ಹಚ್ಚಿದ್ದೆ. ತಂಬೂರಿ ಕೇಳಿಸಲಿಲ್ಲ, ವಾಲ್ಯೂಮ್ ಏರಿಸಿದೆ. ಮುಂದೆ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್. ಅದರ ಮೇಲೂ ದೊಡ್ಡ ಸ್ಪೀಕರ್, ಭರ್ಜರಿ ಜಾನಪದ ಡಿಜೆ. ನಾನು ಹಾರ್ನ್ ಮೇಲೆ ಹಾರ್ನ್ ಹೊಡೆದು ಓವರ್‌ಟೇಕ್‌ಗೆ ಬಲಕ್ಕೆ ತಗೊಂಡೆ. ಅವನು ಅದೇ ಹೊತ್ತಿಗೆ ಹೊಲದ ದಾರಿಗೆ ಬಲಕ್ಕೆ ತಿರುಗಿಸಿದ. ಬ್ರೇಕ್ ಹೊಡೆದೆ. ಕಾರಿಗೂ ಟ್ರೇಲರಿಗೂ ನಡುವೆ ಒಂದು ಮಾರು ಜಾಗ ಉಳೀತು.

ಟ್ರ್ಯಾಕ್ಟರಿನವನನ್ನ ಬೈಯೋಕೆ ಬಾಯಿ ತೆಗೆದೆ. ಗೆಳೆಯ ಅಂದ: "ಅಂವಗ ಯಾಕ ಬೈತಿ? ಹಿಂದ ಬೈಕಿನಂವ ಎಷ್ಟೊತ್ತಿಂದ ಹಾರ್ನ್ ಹೊಡ್ಯಾಕತ್ತಾನ, ನಿನಗರ ಎಲ್ಲಿ ಕೇಳೇತಿ?"

ಬಾಯಿ ಮುಚ್ಚಿದೆ. ಟ್ರ್ಯಾಕ್ಟರಿನವನಿಗೆ ಡಿಜೆ, ನನಗೆ ಖಯಾಲ್. ಆ ರಾತ್ರಿ ಇಬ್ಬರೂ ಕಿವುಡರೇ.

ಯಾಕೆ ಹಿಂಗಾಗುತ್ತೆ? ರಾತ್ರಿ ಹೊತ್ತು ಶಾಂತವಾದ ಕೋಣೆಯಲ್ಲಿ ಸುಮಾರು 30 ಡೆಸಿಬಲ್ ಸದ್ದಿರುತ್ತೆ. 80 ಕಿ.ಮೀ. ವೇಗದ ಕಾರಿನೊಳಗೆ ಟೈರು, ಗಾಳಿ, ಇಂಜಿನ್ ಸೇರಿ 65–70ರ ಆಸುಪಾಸು. ಶಾಸ್ತ್ರೀಯ ಸಂಗೀತದಲ್ಲಿ ಮೆಲುದನಿಗೂ ಏರುದನಿಗೂ ಬಹಳ ಅಂತರ. ಮೆಲುದನಿ ರಸ್ತೆ ಸದ್ದಿನಲ್ಲಿ ಮುಳುಗುತ್ತೆ. ಅದು ಕೇಳಲಿ ಅಂತ ನಾವು ಏರಿಸ್ತೀವಿ. ಆಮೇಲೆ ತಾನ್ ಶುರುವಾದಾಗ ಹೊರಗಿನ ಹಾರ್ನ್ ಸತ್ತುಹೋಗುತ್ತೆ.

ಟ್ರ್ಯಾಕ್ಟರ್ ಕಥೆ ಇನ್ನೂ ಕಷ್ಟ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಇಂಜಿನ್ ಸದ್ದೇ ಚಾಲಕನ ಕಿವಿಗೆ 90 ಡೆಸಿಬಲ್ ದಾಟಬಹುದು. ಅದನ್ನ ಮೀರಿ ಹಾಡು ಕೇಳಬೇಕು ಅಂದ್ರೆ ಸ್ಪೀಕರ್ 100ರ ಹತ್ತಿರ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳ್ತೀನಿ, ನೆನಪಿಡಿ: 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ ಸುರಕ್ಷಿತ. 90 ಆದ್ರೆ 4 ಗಂಟೆ. 100 ಆದ್ರೆ ವಾರಕ್ಕೆ ಬರೀ 20 ನಿಮಿಷ. ನಮ್ಮ ಹುಡುಗರು ಹಂಗಾಮಿನಲ್ಲಿ ದಿನಾ ಎಷ್ಟು ತಾಸು ಸೀಟಿನ ಮೇಲಿರ್ತಾರೆ, ನೀವೇ ಲೆಕ್ಕ ಹಾಕಿ. ಹೋದ ಕಿವಿ ತಿರುಗಿ ಬರಲ್ಲ.

ಹಾಗಂತ ಹಾಡು ಬಿಡಬೇಕಾ? ಬೇಡ. ಆರಿಸೋದನ್ನ ಬದಲಿಸಿದ್ರೆ ಸಾಕು. ನಾನು ಈಗ ಮಾಡೋದು ಇಷ್ಟು.

ಒಂದು, ವಿಲಂಬಿತ ಖಯಾಲ್ ಮನೆಗೆ. ಮಲ್ಲಿಕಾರ್ಜುನ ಮನಸೂರರನ್ನ ಕೌದಿ ತೂಗುಹಾಕಿದ ಕೋಣೆಯಲ್ಲೇ ಕೇಳ್ತೀನಿ. ದಾರಿಗೆ ಶುರುವಿನಿಂದ ಕೊನೆತನಕ ದನಿ ಒಂದೇ ಮಟ್ಟದಲ್ಲಿರುವ ಹಾಡು: ಹಳೇ ಸಿನಿಮಾ ಹಾಡು, ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ತತ್ವಪದ, ವಚನ ಗಾಯನ.

ಎರಡು, ದುಬಾರಿ ಫೈಲ್ ಬೇಡ. ಮನೆಯಲ್ಲಿ ಫ್ಲ್ಯಾಕ್ ಕೇಳ್ತೀನಿ. ಕಾರಿನಲ್ಲಿ ಒಳ್ಳೆ ಎಂಪಿ3 ಸಾಕು, ಆ ಸೂಕ್ಷ್ಮ ವ್ಯತ್ಯಾಸ ಟೈರ್ ಸದ್ದಿನಲ್ಲಿ ಕರಗಿಹೋಗುತ್ತೆ. ಪ್ಲೇಲಿಸ್ಟ್ ಮೊದಲೇ ಡೌನ್‌ಲೋಡ್ ಮಾಡಿ, ಗಾಡಿ ಹೊರಡೋಕೆ ಮುಂಚೆ ಹಚ್ಚಿಬಿಡ್ತೀನಿ. ಆಮೇಲೆ ಫೋನ್ ಮುಟ್ಟೋ ಮಾತಿಲ್ಲ.

ಮೂರು, ಹೊಸ ಸ್ಪೀಕರ್ ಕೊಳ್ಳೋಕೆ ಮುಂಚೆ ಬ್ಯಾಲೆನ್ಸ್ ನೋಡಿ. ನಾವು ಬಲಗಡೆ ಕೂರ್ತೀವಿ, ಬಲ ಬಾಗಿಲಿನ ಸ್ಪೀಕರ್ ಹತ್ತಿರ. ಎಡಗಡೆಯದು ಅರ್ಧ ಮೀಟರ್ ದೂರ ಹೆಚ್ಚಿದ್ರೂ ಅದರ ಸದ್ದು ಸುಮಾರು ಒಂದೂವರೆ ಮಿಲಿಸೆಕೆಂಡ್ ತಡವಾಗಿ ಬರುತ್ತೆ. ಅದಕ್ಕೇ ಹಾಡೆಲ್ಲ ಬಲ ಬಾಗಿಲಿನಿಂದಲೇ ಬಂದಂಗನಿಸುತ್ತೆ. ಬ್ಯಾಲೆನ್ಸ್ ಎಡಕ್ಕೆ ಒಂದೆರಡು ಹೆಜ್ಜೆ ಸರಿಸಿ, ಬಾಸ್ ಬೂಸ್ಟ್ ಆಫ್ ಮಾಡಿ. ವಾಲ್ಯೂಮ್ ಏರಿಸದೇನೇ ಹಾಡು ಸ್ಪಷ್ಟವಾಗುತ್ತೆ.

ನಾಲ್ಕು, ಪಕ್ಕದವರು ಮಾಮೂಲಿ ದನಿಯಲ್ಲಿ ಮಾತಾಡಿದ್ದು ಕೇಳಿಸಬೇಕು. ಕೇಳಿಸದಿದ್ರೆ ಹಾಡು ಜಾಸ್ತಿಯಾಗಿದೆ ಅಂತ ಅರ್ಥ. ನನ್ನ ಗೆಳೆಯ ಈಗ ಕಾರು ಹತ್ತಿದ ಕೂಡಲೇ ಮೆಲ್ಲಗೆ ಕೇಳ್ತಾನೆ: "ಚಾ ಕುಡಿಯೋಣೇನು?" ನಾನು "ಹೂಂ" ಅಂದ್ರೆ ವಾಲ್ಯೂಮ್ ಪಾಸ್. ಏನಂದಿ ಅಂತ ತಿರುಗಿ ಕೇಳಿದ್ರೆ, ಅವನೇ ಕೈ ಚಾಚಿ ಇಳಿಸ್ತಾನೆ. ಆ ದಿನದ ಚಹಾದ ರೊಕ್ಕ ನಂದು.

ಟ್ರ್ಯಾಕ್ಟರ್ ಓಡಿಸುವ ತಮ್ಮಂದಿರಿಗೆ ಒಂದೇ ಮಾತು. ಹಾಡು ಕಾರ್ಖಾನೆ ಅಂಗಳಕ್ಕಿರಲಿ. ಸರದಿಗೆ ಕಾಯುವಾಗ ಇಂಜಿನ್ ಬಂದ್ ಮಾಡಿ ಕೇಳಿ, ಕಾಲುಭಾಗ ವಾಲ್ಯೂಮಿಗೇ ಕಿವಿ ತುಂಬುತ್ತೆ. ರೋಡಿಗೆ ಇಳಿದಾಗ ಹಿಂದಿನವನ ಹಾರ್ನ್ ಕೇಳಲಿ. ಆ ಹಿಂದಿನವನು ನಾನೇ ಇರಬಹುದು.