ಕೀಲಿ ಗಡಿಯಾರವೂ ಕ್ವಾರ್ಟ್ಸ್ ಗಡಿಯಾರವೂ

(ಚೆನ್ನೈಯಲ್ಲಿ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನೊಬ್ಬನಿಂದ ಭಾಷಣ ಮಾಡಿಸುವ ಧೈರ್ಯವನ್ನು ನಮ್ಮ ಕಾರ್ಯದರ್ಶಿಗಳು ಮಾಡಿದ್ದಾರೆ. ಕಾಲ ಬದಲಾದಂತೆ ನಮ್ಮ ದೇಶದ ಉದ್ಯಮಗಳು ಹೇಗೆ ಬದಲಾದವು ಎಂಬುದು ಅವರು ಕೊಟ್ಟ ವಿಷಯ. ವಿಷಯ ದೊಡ್ಡದು, ನನ್ನ ಬಂಡವಾಳವೋ ಬಿ.ಕಾಂ. ಮಾತ್ರ. ಆದುದರಿಂದ ಕೈಗಡಿಯಾರವೊಂದನ್ನೇ ಹಿಡಿದುಕೊಂಡು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ತಂದೆಯವರಿಗೆ ಮದುವೆಯಲ್ಲಿ ಅವರ ಮಾವನವರು ಒಂದು ಎಚ್.ಎಂ.ಟಿ. ವಾಚು ಕೊಟ್ಟರು. ಆ ಕಾಲಕ್ಕೆ ಅದು ದುಡ್ಡಿದ್ದ ಮಾತ್ರಕ್ಕೆ ಸಿಗುವ ವಸ್ತುವಲ್ಲ. ಬೆಂಗಳೂರಿನಲ್ಲಿ ಪರಿಚಯದವರಿದ್ದರೆ ಬೇಗ, ಇಲ್ಲವಾದರೆ ಕಾದು ಪಡೆಯಬೇಕು. ಇಲ್ಲಿ ಕುಳಿತ ಹಿರಿಯರಲ್ಲಿ ಎಷ್ಟು ಮಂದಿ ಮದರಾಸಿನ ಸ್ನೇಹಿತರಿಗಾಗಿ ಊರಿನಿಂದ ವಾಚು ತಂದುಕೊಟ್ಟಿದ್ದೀರೋ ನೀವೇ ಬಲ್ಲಿರಿ.

ಎಚ್.ಎಂ.ಟಿ. ಹುಟ್ಟಿದ್ದು 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ. ಹುಟ್ಟಿದ್ದು ಗಡಿಯಾರಕ್ಕಲ್ಲ, ಯಂತ್ರಗಳನ್ನು ಮಾಡುವ ಯಂತ್ರಗಳಿಗೆ. ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಕೈಗಡಿಯಾರ ಬಂತು. ಮೊದಲ ತಂಡವನ್ನು ನೆಹರೂ ಅವರೇ ಬಿಡುಗಡೆ ಮಾಡಿದರು. ಅಲ್ಲಿಂದ ಮುಂದೆ ಜನತಾ, ಪೈಲಟ್, ಕಾಂಚನ್ ಎಂದು ಒಂದೊಂದಾಗಿ ದೇಶದ ಮಣಿಕಟ್ಟನ್ನೆಲ್ಲ ಅದು ಆಕ್ರಮಿಸಿತು. ತುಮಕೂರಿನಲ್ಲೂ ಕಾಶ್ಮೀರದ ಶ್ರೀನಗರದಲ್ಲೂ ಕಾರ್ಖಾನೆಗಳಾದವು. ಕೂದಲಿಗಿಂತ ನವಿರಾದ ಸ್ಪ್ರಿಂಗು, ಸಾಸಿವೆಗಿಂತ ಸಣ್ಣ ಸ್ಕ್ರೂ ಇವುಗಳನ್ನು ನಮ್ಮವರ ಕೈಗಳು ಮಾಡಬಲ್ಲವೆಂದು ತೋರಿಸಿದ್ದು ಸಾಮಾನ್ಯ ಸಂಗತಿಯಲ್ಲ.

ಅಷ್ಟರಲ್ಲಿ ಹೊರಗಿನ ಪ್ರಪಂಚದಲ್ಲಿ ಒಂದು ಸಂಗತಿ ನಡೆದಿತ್ತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಕೀಲಿ ಕೊಡುವ ನಮ್ಮ ವಾಚಿನ ಚಕ್ರ ಸೆಕೆಂಡಿಗೆ ಐದು ಸಲ ಟಿಕ್ ಎನ್ನುತ್ತದೆ. ಕ್ವಾರ್ಟ್ಸ್ ಎಂಬ ಹರಳಿನ ಚೂರು ಬ್ಯಾಟರಿಯ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಭಾಗಗಳು ಕಡಿಮೆ, ತಪ್ಪುವುದು ತಿಂಗಳಿಗೆ ಕೆಲವೇ ಸೆಕೆಂಡು. ಸ್ವಿಟ್ಜರ್ಲೆಂಡಿನಂಥ ಸ್ವಿಟ್ಜರ್ಲೆಂಡಿನಲ್ಲೇ ಎಷ್ಟೋ ಕಾರ್ಖಾನೆಗಳು ಇದರಿಂದ ಬಾಗಿಲು ಹಾಕಿದವು.

ಎಚ್.ಎಂ.ಟಿ.ಯ ಎಂಜಿನಿಯರುಗಳಿಗೆ ಇದು ತಿಳಿದಿರಲಿಲ್ಲವೆ? ಚೆನ್ನಾಗಿ ತಿಳಿದಿತ್ತು. ಟೈಟಾನ್ ಬರುವುದಕ್ಕೆ ಮೊದಲೇ ಅವರು ಕ್ವಾರ್ಟ್ಸ್ ಗಡಿಯಾರ ಮಾಡಿ ಮಾರಿದ್ದರು. ಆದರೆ ಕೀಲಿ ವಾಚಿಗೆ ಬಾಗಿಲಲ್ಲಿ ಜನ ಕಾದು ನಿಂತಿದ್ದರು. ಆಮದಿಗೆ ಕಟ್ಟುಪಾಡು, ಸ್ಪರ್ಧಿಗಳು ಕಡಿಮೆ. ಸಾಲ ಮಾಡಿ ತಂದ ಯಂತ್ರಗಳು, ವರ್ಷಾನುಗಟ್ಟಲೆ ಪಳಗಿದ ಕೆಲಸಗಾರರು, ಎಲ್ಲವೂ ಕೀಲಿ ವಾಚಿಗಾಗಿ ಇದ್ದದ್ದು. ಬಡ ದೇಶದಲ್ಲಿ ಯಂತ್ರವನ್ನು ಒಮ್ಮೆ ಕೊಂಡರೆ ಅದು ಸವೆಯುವವರೆಗೂ ದುಡಿಸಿಕೊಳ್ಳಬೇಕೆಂಬುದು ನಮ್ಮ ಲೆಕ್ಕ. ಈ ಲೆಕ್ಕವನ್ನು ಮೂರ್ಖತನವೆನ್ನಲು ನನಗೆ ಬಾಯಿ ಬಾರದು. ಏಕೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ.

ನಾವು ಇಲ್ಲಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಗಡಿಗೆ ಮುನ್ನ ಸಿಗುವ ಊರು ಹೊಸೂರು. ಟಾಟಾದವರೂ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮದವರೂ ಕೂಡಿ 1984ರಲ್ಲಿ ಕಂಪನಿ ಕಟ್ಟಿ ಅಲ್ಲಿ ಕಾರ್ಖಾನೆ ಹೂಡಿದರು. 1987ರ ಹೊತ್ತಿಗೆ ಟೈಟಾನ್ ಗಡಿಯಾರಗಳು ಅಂಗಡಿಯಲ್ಲಿದ್ದವು. ಅದರ ಮುಖ್ಯಸ್ಥರು ಜೆರ್ಕ್ಸಿಸ್ ದೇಸಾಯಿಯವರು. ಹೊಸಬರಾದುದರಿಂದ ಬಿಡಬೇಕಾದ ಹಳೆಯದೇನೂ ಅವರಿಗಿರಲಿಲ್ಲ. ಆರಂಭದಿಂದಲೇ ಕ್ವಾರ್ಟ್ಸ್ ಮೇಲೆ ನಿಂತರು. ಗಡಿಯಾರವೆಂದರೆ ಬರಿಯ ಗಂಟೆ ನೋಡುವ ಸಾಧನವಲ್ಲ, ತೊಡುವ ಒಡವೆಯೂ ಹೌದು ಎಂದು ತಿಳಿದು ತರತರದ ಮಾದರಿಗಳನ್ನು ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚು ಹಾಕಿಸಿದರು. ದೀಪ ಹಚ್ಚಿದ ಅಂಗಡಿಗಳನ್ನು ತಾವೇ ತೆರೆದರು.

ಹಾಗೆಂದು ಟೈಟಾನಿನವರು ಎಡವಲೇ ಇಲ್ಲವೆಂದಲ್ಲ. ತೊಂಬತ್ತರ ದಶಕದಲ್ಲಿ ಆಭರಣದ ವ್ಯಾಪಾರಕ್ಕಿಳಿದು ತನಿಷ್ಕ್ ತೆರೆದರು. ಪಾಶ್ಚಾತ್ಯರ ಅಭಿರುಚಿಯ 18 ಕ್ಯಾರೆಟಿನ ಒಡವೆ ತಂದಿಟ್ಟರು. ನಮ್ಮ ತಾಯಂದಿರು ಕೊಳ್ಳುತ್ತಾರೆಯೆ? ನಾಳೆ ಕಷ್ಟ ಬಂದರೆ ಬ್ಯಾಂಕಿನಲ್ಲಿ ಅಡವಿಡಬೇಕಾದ ಚಿನ್ನವದು! ಅಡವಿನ ಚಿನ್ನದ ಪೆಟ್ಟಿಗೆಗಳನ್ನು ದಿನವೂ ಕಾಣುವ ನಾನು ಈ ಮಾತಿಗೆ ಸಾಕ್ಷಿ. ನಷ್ಟ ಅನುಭವಿಸಿದ ಮೇಲೆ 22 ಕ್ಯಾರೆಟಿಗೆ ಬಂದರು. ಅಷ್ಟೇ ಅಲ್ಲ, ಕ್ಯಾರೆಟ್ ಮೀಟರ್ ಎಂಬ ಯಂತ್ರವನ್ನು ಅಂಗಡಿಯಲ್ಲಿಟ್ಟು, ಮನೆಯ ಹಳೆಯ ಒಡವೆಯನ್ನು ಕರಗಿಸದೆ, ಉಜ್ಜದೆ, ಕೆಲವು ನಿಮಿಷಗಳಲ್ಲಿ ಅದರ ಪರಿಶುದ್ಧತೆಯನ್ನು ಹೇಳಿಬಿಟ್ಟರು. ತಲೆಮಾರಿನಿಂದ ನಂಬಿದ ಚಿನಿವಾರರ ಮಾತು ಸುಳ್ಳೆಂದು ಎಷ್ಟೋ ಮನೆಗಳಿಗೆ ಅಂದು ತಿಳಿಯಿತು. ಗಡಿಯಾರದ ಆ ಕಂಪನಿಗೆ ಇಂದು ಹೆಚ್ಚಿನ ವರಮಾನ ಒಡವೆಯಿಂದಲೇ. ಯಂತ್ರವನ್ನು ಬದಲಿಸುವುದಕ್ಕಿಂತ ಗಿರಾಕಿಯ ಮನಸ್ಸನ್ನು ಅರಿಯುವುದು ಕಷ್ಟವೆಂದು ನನಗೆ ತೋರುವುದು ಇದರಿಂದ.

ಎಚ್.ಎಂ.ಟಿ.ಯ ಕಡೆಯ ಕಥೆಯನ್ನು ಬೇಗ ಮುಗಿಸುತ್ತೇನೆ. 2016ರ ಜನವರಿಯಲ್ಲಿ ಅದರ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಭೂಮಿ ಇಸ್ರೋ ಪಾಲಾಯಿತು.

ಈಗ ನನ್ನ ಸಂಗತಿ. ನಾನು ಕೆಲಸಕ್ಕೆ ಸೇರಿದಾಗ ಡಿಮ್ಯಾಂಡ್ ಡ್ರಾಫ್ಟ್ ಕೊಡುವ ಮೇಜು ನನ್ನದು. ಕಾಲೇಜು ತೆರೆಯುವ ತಿಂಗಳಲ್ಲಿ ಸಾಲು ಬಾಗಿಲಿನಾಚೆಗೂ ಹೋಗುತ್ತಿತ್ತು, ಊಟಕ್ಕೇಳಲೂ ಬಿಡುವಿಲ್ಲ. 2016ರಲ್ಲಿ ಯು.ಪಿ.ಐ. ಬಂತು. ಸಾಲದ ವಿಭಾಗದ ಪರೀಕ್ಷೆ ಬರೆಯಿರಿ ಎಂದು ಮೇಲಧಿಕಾರಿಗಳು ಮೂರು ಸಲ ಹೇಳಿದರು. ಎದುರಿಗೆ ಜನ ನಿಂತಿರುವಾಗ ಪರೀಕ್ಷೆಗೇನು ಅವಸರ ಎಂದುಕೊಂಡೆ. ಸಾಲು ಒಂದೇ ದಿನದಲ್ಲಿ ಮಾಯವಾಗಿದ್ದರೆ ಎಚ್ಚರವಾಗುತ್ತಿತ್ತೇನೋ! ಅದು ದಿನಕ್ಕಿಬ್ಬರಂತೆ ಕರಗಿತು. ಕೊನೆಗೊಂದು ದಿನ ಆ ಮೇಜನ್ನೇ ತೆಗೆದರು. ನನಗಿಂತ ಕಿರಿಯರು ಇಂದು ನನಗೆ ಅಧಿಕಾರಿಗಳು. ಆ ಪರೀಕ್ಷೆಗೆ ಈ ವರ್ಷ ಓದುತ್ತಿದ್ದೇನೆ. ರಾತ್ರಿ ಮಗಳ ಲೆಕ್ಕದ ಪುಸ್ತಕದ ಪಕ್ಕದಲ್ಲಿ ನನ್ನದೂ ತೆರೆದಿರುತ್ತದೆ.

ತಂದೆಯವರ ವಾಚು ಈಗಲೂ ನಡೆಯುತ್ತಿದೆ. ಹೋದ ವರ್ಷ ನಿಂತಾಗ ಮಾಂಬಲದಲ್ಲಿ ಅದನ್ನು ಬಿಚ್ಚಬಲ್ಲವರನ್ನು ಹುಡುಕಲು ಎರಡು ಭಾನುವಾರ ಹಿಡಿಯಿತು. ಬೆಳಗ್ಗೆ ಕಾಫಿಗೆ ಮುಂಚೆ ತಂದೆಯವರು ಕೀಲಿ ಕೊಡುತ್ತಾರೆ. ಆಮೇಲೆ, "ನಿನ್ನ ಮೊಬೈಲಿನಲ್ಲಿ ಎಷ್ಟು ಗಂಟೆ ನೋಡಪ್ಪ" ಎಂದು ಕೇಳಿ ಮುಳ್ಳನ್ನು ಸರಿಪಡಿಸಿಕೊಳ್ಳುತ್ತಾರೆ.