ಮೊದಲ ಅಡಿಗಲ್ಲು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಜನರು ಹೋಗುವುದು ಸಾಮಾನ್ಯವಾಗಿ ಹಕ್ಕಿಗಳನ್ನು ನೋಡುವುದಕ್ಕೆ. ನಾನು ಹೋದುದು ಒಂದು ಕಬ್ಬಿಣದ ತುಂಡಿನ ವಿಚಾರವಾಗಿ ಬುದ್ಧಿ ಕೇಳುವುದಕ್ಕೆ. ಹೋಗಬೇಕಾಗಿ ಬಂದ ಕಾರಣವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಮ್ಮಾರರ ಮನೆತನದವನು. ತಂದೆ ತೀರಿಕೊಂಡ ಮೇಲೆ ಮನೆಯ ಕುಲುಮೆ ಆರಿತು. ತಲೆಮಾರುಗಳಿಂದ ಬಂದ ಅಡಿಗಲ್ಲು ಗುಜರಿಯವನ ತಕ್ಕಡಿಯನ್ನು ಏರಿತು. ಮಗನು ಪದವಿ ಪಡೆದು, ಕೆಲವು ವರ್ಷ ಬೆಂಗಳೂರಿನಲ್ಲಿ ದುಡಿದು, ಕೊನೆಗೆ ಊರಿಗೇ ಹಿಂದಿರುಗಿ ಕುಲುಮೆಯನ್ನು ಮತ್ತೆ ಹೊತ್ತಿಸುವೆನೆಂದನು. ಮಂಡ್ಯದ ಸೀಮೆ ಕಬ್ಬಿನ ಸೀಮೆ. ಕಬ್ಬು ಕಡಿಯುವ ಮಚ್ಚಿಗೂ ಕುಡುಗೋಲಿಗೂ ಅಲ್ಲಿ ಗಿರಾಕಿ ತಪ್ಪುವುದಿಲ್ಲ. ಅಡಿಗಲ್ಲು ಕೊಳ್ಳಲು ಹೊರಟಾಗ ಅವನು ನನ್ನನ್ನು ಜೊತೆಗೆ ಕರೆದನು. ಹದಿನೆಂಟು ವರ್ಷ ಭೌತಶಾಸ್ತ್ರವನ್ನು ಬೋಧಿಸಿರುವ ಮೇಷ್ಟರಿಗೆ ತಿಳಿಯದುದು ಏನಿದ್ದೀತೆಂದು ಅವನ ನಂಬಿಕೆ. ಅಂಗಡಿಯಲ್ಲಿ ಹೊಸದೊಂದು ಅಡಿಗಲ್ಲು, ಹಸುರು ಬಣ್ಣ ಬಳಿದುಕೊಂಡು, ಸೊಗಸಾದ ಕೊಂಬು ಚಾಚಿಕೊಂಡು ಕುಳಿತಿತ್ತು. “ಚೆನ್ನಾಗಿದೆ, ತೆಗೆದುಕೋ” ಎಂದವನು ನಾನೇ. ಮೂರು ವಾರದೊಳಗೆ ಅದರ ಅಂಚು ಬಿಸ್ಕತ್ತಿನಂತೆ ಮುರಿಯಿತು. ಮುಖದ ಮೇಲೆ ಸುತ್ತಿಗೆಯ ಗುರುತುಗಳೆಲ್ಲ ಮೂಡಿದುವು. ಅವನು ಕೂಡಿಟ್ಟ ಹಣದಲ್ಲಿ ಅರ್ಧ ಹೋಗಿತ್ತು. ಅವನು ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಹೀಗೆ, ಉಳಿದರ್ಧ ಹಣವನ್ನು ವ್ಯಯಮಾಡುವ ಮುನ್ನ, ಕೊಕ್ಕರೆ ಬೆಳ್ಳೂರಿನ ವೃದ್ಧ ಆಚಾರಿಯೊಬ್ಬರ ಬಳಿಗೆ ನಾವಿಬ್ಬರೂ ಹೋದೆವು. ಹಸುರು ಅಡಿಗಲ್ಲನ್ನೂ ಆಟೋದಲ್ಲಿ ಹೇರಿಕೊಂಡು ಹೋಗಿದ್ದೆವು. ಮಾಘಮಾಸ, ಹುಣಸೆಮರಗಳ ತುಂಬ ಗೂಡುಗಳು. ಬಣ್ಣದ ಕೊಕ್ಕರೆಗೆ ಗಂಟಲಿನ ಕೂಗು ಇಲ್ಲವೆಂದೇ ಹೇಳಬೇಕು. ಅದು ಕೊಕ್ಕನ್ನೇ ಟಕಟಕನೆ ಬಡಿದು ಮಾತನಾಡುತ್ತದೆ. ಆ ಸದ್ದಿನ ಕೆಳಗೆ ಮುದುಕರು ಕುಳಿತು ಗುದ್ದಲಿಯೊಂದನ್ನು ತಟ್ಟುತ್ತಿದ್ದರು.

ಅವರು ನಮ್ಮ ಅಡಿಗಲ್ಲಿನ ಬಣ್ಣವನ್ನೂ ಕೊಂಬನ್ನೂ ನೋಡಲೇ ಇಲ್ಲ. ಸುತ್ತಿಗೆಯ ಹಿಡಿಯನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು, ಅದರ ತಲೆಯನ್ನು ಮುಖದ ಮೇಲೆ ತಾನಾಗಿ ಬೀಳಗೊಟ್ಟರು. ಧಪ್ಪೆಂದು ಬಿದ್ದ ಸುತ್ತಿಗೆ ಅಲ್ಲಿಯೇ ಮಲಗಿತು. ಅನಂತರ ತಮ್ಮ ಅಡಿಗಲ್ಲಿನ ಮೇಲೆ ಅದನ್ನೇ ಬಿಟ್ಟರು. ಅದು ಗುಬ್ಬಿಯ ಹಾಗೆ ನಾಲ್ಕೈದು ಸಲ ಕುಪ್ಪಳಿಸಿತು. ಗಂಟೆಯಂಥ ನಾದವೊಂದು ಎದ್ದು ನಿಧಾನವಾಗಿ ಅಡಗಿತು.

“ನಿಮ್ದು ಪೆಟ್ಟ ನುಂಗ್ತದೆ ಮೇಷ್ಟ್ರೇ. ಅಡಿಗಲ್ಲು ಪೆಟ್ಟ ನುಂಗಬಾರ್ದು, ವಾಪಸ್ ಕೊಡಬೇಕು” ಎಂದರು.

ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುವ ಸಮೀಕರಣ ಇದೇ ಅಲ್ಲವೆ! ಒಂದು ವಸ್ತು ಇನ್ನೊಂದಕ್ಕೆ ಡಿಕ್ಕಿ ಹೊಡೆದು ಎಷ್ಟು ವೇಗದಿಂದ ಹಿಂದಿರುಗುತ್ತದೆ ಎಂಬ ಲೆಕ್ಕವನ್ನು ನ್ಯೂಟನ್ನನ ಹೆಸರು ಹೇಳಿ ಎಷ್ಟು ಸಲ ಕಲಿಸಿಲ್ಲ! ಅಂಗಡಿಯಲ್ಲಿ ಮಾತ್ರ ಅದು ನೆನಪಿಗೆ ಬರಲಿಲ್ಲ.

ಈ ಪರೀಕ್ಷೆಯನ್ನು ಅಳತೆಗೆ ತಂದುಕೊಳ್ಳುವುದು ಸುಲಭ. ಲಾರಿಯ ಹಳೆಯ ಬೇರಿಂಗಿನಿಂದ ಒಂದು ಅಂಗುಲದ ಉಕ್ಕಿನ ಗುಂಡನ್ನು ಸಂಪಾದಿಸಿ. ಅಡಿಗಲ್ಲಿನ ಮೇಲೆ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಹತ್ತು ಅಂಗುಲದ ಎತ್ತರದಿಂದ ಗುಂಡನ್ನು ಬಿಡಿ. ಏಳೆಂಟು ಅಂಗುಲ ಮೇಲಕ್ಕೆ ಪುಟಿದರೆ ಮುಖವು ಹದವಾದ ಉಕ್ಕಿನದು. ಮೂರು ನಾಲ್ಕು ಅಂಗುಲದಲ್ಲಿಯೇ ಆಯಾಸಗೊಂಡರೆ ಅದು ಬರಿಯ ಬೀಡು, ಇಲ್ಲವೆ ಹದ ಕಳೆದುಕೊಂಡ ಕಬ್ಬಿಣ. ನಮ್ಮ ಹಸುರು ಅಡಿಗಲ್ಲಿನಲ್ಲಿ ಗುಂಡು ಮೂರು ಅಂಗುಲವನ್ನು ದಾಟಲಿಲ್ಲ. ಎಂದರೆ, ಪೆಟ್ಟಿನ ಶಕ್ತಿಯಲ್ಲಿ ಹತ್ತರಲ್ಲಿ ಏಳು ಪಾಲು ವ್ಯರ್ಥ. ಒಳ್ಳೆಯ ಅಡಿಗಲ್ಲು ಸುತ್ತಿಗೆಯನ್ನು ತಾನೇ ಅರ್ಧ ಎತ್ತಿಕೊಡುತ್ತದೆ. ಕೆಟ್ಟದ್ದರಲ್ಲಿ ಪ್ರತಿಯೊಂದು ಪೆಟ್ಟಿಗೂ ಭುಜವೇ ಎತ್ತಬೇಕು. ದಿನಕ್ಕೆ ಸಾವಿರ ಪೆಟ್ಟು ಎಂದು ಇಟ್ಟುಕೊಂಡರೂ ಸಂಜೆಯ ಹೊತ್ತಿಗೆ ಆ ಭುಜದ ಗತಿಯನ್ನು ಊಹಿಸಬಹುದು.

ಬೀಡನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಹೊತ್ತಿದ ಊದುಕುಲುಮೆಯಿಂದ ಹರಿದುಬಂದದ್ದೂ ಬೀಡೇ. ಎರಕ ಹೊಯ್ದು ಕೊಳವೆ ಮಾಡಲು, ಯಂತ್ರದ ಪೀಠ ಮಾಡಲು ಅದು ಉತ್ತಮ. ಆದರೆ ಅದರಲ್ಲಿ ಇಂಗಾಲದ ಅಂಶ ಅಧಿಕ, ಆದುದರಿಂದ ಪೆಡಸು. ಪೆಟ್ಟು ತಿನ್ನುವ ಕೆಲಸ ಅದರದಲ್ಲ. ಹಳೆಯ ಕಾಲದ ಉತ್ತಮ ಅಡಿಗಲ್ಲುಗಳಲ್ಲಿ ಒಡಲು ಮೆದು ಕಬ್ಬಿಣದ್ದು. ಮೇಲೆ ಸುಮಾರು ಅರ್ಧ ಅಂಗುಲದ ಉಕ್ಕಿನ ಹಲಗೆಯನ್ನು ಕಾಯಿಸಿ ಬೆಸೆದಿರುತ್ತಾರೆ. ಮುಖವನ್ನು ಹೊಳಪಿಸುವೆನೆಂದು ಸಾಣೆ ಹಿಡಿಸುವವನು ಈ ಅರ್ಧ ಅಂಗುಲದ ಬಂಡವಾಳವನ್ನೇ ಕರಗಿಸುತ್ತಾನೆ. ಕನ್ನಡಿಯಂತೆ ಹೊಳೆಯುವ ಹಳೆಯ ಅಡಿಗಲ್ಲನ್ನು ಕಂಡರೆ ಸಂತೋಷಪಡದೆ ಸಂದೇಹಪಡಬೇಕು.

ಗುಂಡನ್ನು ಒಂದೇ ಕಡೆ ಬಿಟ್ಟು ತೃಪ್ತರಾಗಬಾರದು. ನಡುವೆ, ಅಂಚಿನಲ್ಲಿ, ಕೊಂಬಿನ ಬುಡದಲ್ಲಿ, ಹಿಮ್ಮಡಿಯಲ್ಲಿ, ಎಲ್ಲ ಕಡೆಯೂ ಬಿಡಬೇಕು. ಒಂದು ಜಾಗದಲ್ಲಿ ಮಾತ್ರ ಗುಂಡು ಸೋತು ಸದ್ದು ಮಂಕಾದರೆ, ಅಲ್ಲಿ ಬೆಸುಗೆ ಬಿಟ್ಟಿದೆ ಅಥವಾ ಯಾರೋ ತೇಪೆ ಹಾಕಿದ್ದಾರೆ ಎಂದು ತಿಳಿಯಬೇಕು. ನಾದವೊಂದನ್ನೇ ನಂಬುವುದೂ ಅಪಾಯ. ದಿಮ್ಮಿಗೆ ಬಿಗಿಯಾಗಿ ಕಟ್ಟಿದ ಒಳ್ಳೆಯ ಅಡಿಗಲ್ಲು ಮೌನವಾಗಿರುತ್ತದೆ. ಹಳೆಯ ಅರದಿಂದ ಅಂಚನ್ನು ಉಜ್ಜಿದರೆ ಅರ ಜಾರಬೇಕು, ಕಚ್ಚಬಾರದು. ಬೆಂಕಿ ಬಿದ್ದ ಕಟ್ಟಡದಿಂದ ಬಂದದ್ದು ಬೇಡವೇ ಬೇಡ. ಉಕ್ಕಿನ ಹದ ಅಲ್ಲಿಯೇ ಸುಟ್ಟುಹೋಗಿರುತ್ತದೆ.

ಅಷ್ಟು ಹಣವಿಲ್ಲದವನು ಏನು ಮಾಡಬೇಕು? ರೈಲುಕಂಬಿಯ ತುಂಡು ಸಾಕೆಂದು ಆಚಾರಿಗಳೇ ಒಪ್ಪಿದರು. ಅದನ್ನು ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸಿದರೆ ಸುತ್ತಿಗೆಯ ಕೆಳಗೆ ಲೋಹದ ಭಾರವೆಲ್ಲ ಒದಗಿಬರುತ್ತದೆ. ಆದರೆ ರಸೀತಿಯಿಲ್ಲದೆ ಕೊಳ್ಳಬಾರದು. ರೈಲ್ವೆಯ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯಿದೆಯ ಪ್ರಕಾರ ಅಪರಾಧ.

ಇಲ್ಲಿಂದ ಬಹುದೂರವಲ್ಲದ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳನ್ನು ಮಾಡುತ್ತಿದ್ದುದನ್ನೂ, ಅವು ದೂರದೂರದ ನಾಡುಗಳಿಗೆ ಹೋಗುತ್ತಿದ್ದುದನ್ನೂ 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಬರೆದಿದ್ದಾನೆ. ಅಂಥ ಸೀಮೆಯ ಹುಡುಗನಿಗೆ ಬೀಡನ್ನು ಉಕ್ಕೆಂದು ಕೊಡಿಸಿದೆನಲ್ಲಾ ಎಂಬುದು ಹಿಂದಿರುಗುವಾಗ ದಾರಿಯುದ್ದಕ್ಕೂ ನನ್ನನ್ನು ಕೊರೆಯುತ್ತಿತ್ತು.

ಎರಡು ತಿಂಗಳು ಹುಡುಕಿದ ಮೇಲೆ, ಮುಚ್ಚಿಹೋದ ಕಾರ್ಖಾನೆಯೊಂದರ ಹಳೆಯ ಸಾಮಾನಿನ ನಡುವೆ ಒಂದು ಸಿಕ್ಕಿತು. ತುಕ್ಕು ಹಿಡಿದದ್ದು, ಒಂದು ಅಂಚು ಚಕ್ಕೆ ಎದ್ದದ್ದು, ಇಂಗ್ಲೆಂಡಿನಿಂದ ಎಂದೋ ಬಂದದ್ದು. ಪಕ್ಕದಲ್ಲಿ 1, 1, 10 ಎಂದು ಮೂರು ಅಂಕಗಳಿದ್ದುವು. ಇವು ತೂಕದ ಗುರುತುಗಳು. ಮೊದಲನೆಯದು ಹಂಡ್ರೆಡ್‌ವೆಯ್ಟ್, ಎಂದರೆ 112 ಪೌಂಡು. ಎರಡನೆಯದು ಅದರ ಕಾಲು ಭಾಗ, 28 ಪೌಂಡು. ಮೂರನೆಯದು ಬಿಡಿ ಪೌಂಡುಗಳು. ಒಟ್ಟು 150 ಪೌಂಡು, ಸುಮಾರು 68 ಕಿಲೋ. ಮಾರುವವನು 75 ಕಿಲೋ ಎಂದು ಹೇಳಿದ್ದನು. ನನ್ನ ಶಿಷ್ಯನು ಅಂಕಗಳನ್ನು ಬಿಡಿಸಿ ಓದಿದ ಮೇಲೆ ಏಳು ಕಿಲೋವಿನ ಬೆಲೆ ಇಳಿಯಿತು. ಗುಂಡು ನಡುವೆ ಎಂಟು ಅಂಗುಲ, ಅಂಚಿನಲ್ಲಿ ಏಳು, ಹಿಮ್ಮಡಿಯ ಕಡೆ ಐದು ಪುಟಿಯಿತು. ಆ ಐದನ್ನು ತೋರಿಸಿ ಇನ್ನಷ್ಟು ಇಳಿಸಿದನು. ಈ ಸಲ ನಾನು ಬಾಯಿ ತೆರೆಯಲಿಲ್ಲ.

ಇನ್ನು ಉಳಿದದ್ದು ದಿಮ್ಮಿ. ಅಡಿಗಲ್ಲಿಗೆ ಹುಣಸೆಯ ದಿಮ್ಮಿಯೇ ಶ್ರೇಷ್ಠವೆಂದು ಆಚಾರಿಗಳ ಮತ. ಆದರೆ ಅವರ ಊರಿನಲ್ಲಿ ಹುಣಸೆಮರಕ್ಕೆ ಕೊಡಲಿ ತಾಗಿಸುವುದುಂಟೆ? ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಇಲ್ಲಿನ ಹೆಜ್ಜಾರ್ಲೆಗಳ ಸಂಗತಿಯನ್ನು ಹೊರಜಗತ್ತಿಗೆ ತಿಳಿಸುವುದಕ್ಕಿಂತ ಮುಂಚೆಯೇ ಊರವರು ಆ ಮರಗಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. “ನಮ್ಮೂರ ಮರ ಕೇಳಬ್ಯಾಡ ಕಣಪ್ಪ; ಗಾಳಿಗೆ ಬಿದ್ದಿದ್ದು ಬೇರೆ ಕಡೆ ನೋಡು” ಎಂದರು. ಮುಂಗಾರಿನ ಮೊದಲ ಗಾಳಿಗೆ ಶಿಷ್ಯನ ಊರಿನ ಕೆರೆಯ ಬಳಿ ಮುದಿ ಹುಣಸೆಯೊಂದು ಉರುಳಿತು. ಅದರ ಬೊಡ್ಡೆಯನ್ನು ನಾರು ಮೇಲ್ಮುಖವಾಗುವಂತೆ ನಿಲ್ಲಿಸಿ ಅರ್ಧ ಹೂಳಿದೆವು. ಹಿರಿಯರು ಕುಳಿತು ಬಡಿಯುವವರು. ಹುಡುಗನು ನಿಂತು ಬಡಿಯುವವನು. ನಿಂತವನ ಮುಷ್ಟಿಯ ಗೆಣ್ಣು ಅಡಿಗಲ್ಲಿನ ಮುಖವನ್ನು ಮುಟ್ಟುವಂತಿರಬೇಕು. ನನ್ನ ಲೆಕ್ಕದಲ್ಲಿ ನಾಲ್ಕು ಬೆರಳು ಹೆಚ್ಚಾಗಿತ್ತು. ಅಗೆದು ಮತ್ತೆ ಹೂಳಬೇಕಾಯಿತು.

ಹಸುರು ಅಡಿಗಲ್ಲು ಈಗ ಅವರ ಮನೆಯ ಜಗಲಿಯ ಮೇಲಿದೆ. ಅವನ ತಾಯಿಯವರು ಅದರ ಮೇಲೆ ಹುಣಸೆಹಣ್ಣನ್ನು ಕುಟ್ಟಿ ಬೀಜ ಬಿಡಿಸುತ್ತಾರೆ.