ಬೀಡಿನ ಬೆಲೆಗೆ ಹೋಗುವ ಯಂತ್ರಗಳು

(ಬೆಂಗಳೂರಿನ ಶಿವಾಜಿನಗರದಲ್ಲಿ ಚರ್ಮಕೆಲಸದವರು, ಸಣ್ಣ ವ್ಯಾಪಾರಿಗಳು, ಮಿಲ್ ಕಾರ್ಮಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನನ್ನ ಎದುರಿಗೆ ಮೇಜಿನ ಮೇಲೆ ಒಂದು ಯಂತ್ರವಿದೆ. ಹಿಂದೆ ಕುಳಿತವರಿಗೆ ಕಾಣುತ್ತದೆಯೋ ಇಲ್ಲವೋ ತಿಳಿಯದು. ಕಪ್ಪು ಬಣ್ಣ ಅರ್ಧ ಉದುರಿದೆ. ಚಿನ್ನದ ಬಣ್ಣದ ಅಕ್ಷರಗಳಲ್ಲಿ ಎರಡೋ ಮೂರೋ ಉಳಿದಿವೆ. ಹಲಸೂರಿನಲ್ಲಿ ಚಪ್ಪಲಿ, ಬ್ಯಾಗು ಹೊಲಿಯುವ ಒಬ್ಬ ಯಜಮಾನರು ಇದನ್ನು ಗುಜರಿಗೆ ತೂಕಕ್ಕೆ ಹಾಕಲು ತಂದಿದ್ದರು. ತಕ್ಕಡಿ ಏರುವ ಮೊದಲು ನನ್ನ ಕಣ್ಣಿಗೆ ಬಿತ್ತು. “ಇದು ಸತ್ತುಹೋಗಿದೆ ಸ್ವಾಮಿ. ಮೊದಲು ಹೊಲಿಗೆ ಬಿಡುತ್ತಿತ್ತು, ಈಗ ಚಕ್ರವೇ ತಿರುಗುವುದಿಲ್ಲ” ಎಂದರು. ಇದನ್ನು ಮಾರಿ ಮುಂದೇನು ಮಾಡುತ್ತೀರಿ ಎಂದು ಕೇಳಿದೆ. ಒಂದು ಶೆಡ್ಡಿನಲ್ಲಿ ಡಜನಿಗೆ ಇಷ್ಟು ಎಂದು ಕೂಲಿಗೆ ಕೂರುವ ಮಾತಾಗಿದೆ ಎಂದರು.

ನಾನು ಇವತ್ತು ಹೇಳಬೇಕಾಗಿರುವುದು ಇಷ್ಟೇ. ಯಂತ್ರ ತಕ್ಕಡಿಗೆ ಏರಿದ ದಿನ ಯಜಮಾನ ಕೂಲಿಯವನಾಗುತ್ತಾನೆ. ಮಿಲ್ಲುಗಳು ಮುಚ್ಚಿದಾಗ ಮಗ್ಗಗಳು ಹಳೆ ಕಬ್ಬಿಣವಾಗಿ ಹೋದುದನ್ನು ಇಲ್ಲಿ ಕುಳಿತಿರುವ ಕೆಲವರು ಕಣ್ಣಾರೆ ಕಂಡಿದ್ದೀರಿ. ಆದರೆ ಆ ಮಗ್ಗ ನಿಮ್ಮದಾಗಿರಲಿಲ್ಲ. ಮಾರುವ ತೀರ್ಮಾನವೂ ನಿಮ್ಮದಾಗಿರಲಿಲ್ಲ. ಈ ಯಂತ್ರ ಹೊಲಿಯುವವನ ಸ್ವಂತದ್ದು. ಅದನ್ನು ಅವನಿಂದ ಯಾರೂ ಕಿತ್ತುಕೊಳ್ಳಲಿಲ್ಲ. ರೋಗವೇನೆಂದು ತಿಳಿಯದೆ ಅವನೇ ಕೊಟ್ಟುಬಿಡುತ್ತಿದ್ದಾನೆ. ನನಗೆ ಸಂಕಟವಾಗುವುದು ಇದಕ್ಕೆ.

ಈ ಕಸುಬು ಇಲ್ಲಿಗೆ ಹೇಗೆ ಬಂತು ಎಂಬುದು ನಿಮಗೆ ಗೊತ್ತಿರುವ ಸಂಗತಿ. ೧೮೦೯ರಲ್ಲಿ ಬ್ರಿಟಿಷರು ಪೇಟೆಯ ಮೂಡಣಕ್ಕೆ ದಂಡು ಕಟ್ಟಿದರು. ದಂಡು ಎಂದಮೇಲೆ ಬೂಟು, ಬೆಲ್ಟು, ಕುದುರೆಯ ಜೀನು, ಲಗಾಮು ಎಲ್ಲವೂ ಬೇಕು. ಇವೆಲ್ಲ ಚರ್ಮದ ಕೆಲಸ. ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಈ ಶಿವಾಜಿನಗರದಲ್ಲಿಯೂ ಹಲಸೂರಿನಲ್ಲಿಯೂ ದಂಡಿನ ಸೇವೆಗಾಗಿ ಬಂದ ಕಸುಬುದಾರರು ನೆಲೆಯೂರಿದರು. ಚರ್ಮ ಹದ ಮಾಡುವ ಕೆಲಸ ಟ್ಯಾನರಿ ರಸ್ತೆಯ ಕಡೆ ಬೆಳೆಯಿತು. ರಸ್ತೆಯ ಹೆಸರೇ ಸಾಕ್ಷಿ. ೧೯೪೯ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ಕಾರ್ಪೊರೇಷನ್ ಆಯಿತು. ದೊರೆಗಳು ಹೋದರು, ಕುದುರೆಗಳು ಹೋದವು, ಹೊಲಿಯುವವರು ಉಳಿದರು. ಚರ್ಮ ಮುಟ್ಟುವ ಕೈಯನ್ನು ಮುಟ್ಟಬಾರದು ಎಂದ ಸಮಾಜ ಆ ಕೈ ಹೊಲಿದ ಮೆಟ್ಟನ್ನು ಮಾತ್ರ ಸಂಕೋಚವಿಲ್ಲದೆ ಮೆಟ್ಟಿತು. ಇದು ಬೇರೆಯೇ ಭಾಷಣದ ವಿಷಯ. ಆದರೂ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಈಗ ಯಂತ್ರಕ್ಕೆ ಬರೋಣ. ಇದು ಸಿಂಗರ್ ೨೯ ಕೆ. ಮೋಚಿಗಳ ಯಂತ್ರವೆಂದೇ ಇದರ ಖ್ಯಾತಿ. ಬಟ್ಟೆ ಹೊಲಿಯುವ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ನೂಕುತ್ತವೆ. ಇದರಲ್ಲಿ ಕೆಳಗೆ ಹಲ್ಲಿಲ್ಲ. ಮೇಲಿನ ಪಾದವೇ ಚರ್ಮವನ್ನು ಕಚ್ಚಿ, ಎಳೆದು, ಎದ್ದು, ಮತ್ತೆ ಕಚ್ಚುತ್ತದೆ. ಆ ಪಾದವನ್ನು ಯಾವ ದಿಕ್ಕಿಗೆ ಬೇಕಾದರೂ ಪೂರಾ ಸುತ್ತು ತಿರುಗಿಸಬಹುದು. ಬೂಟನ್ನು ತಿರುಗಿಸಲಾಗದ ಕಡೆ ಹೊಲಿಗೆಯೇ ತಿರುಗುತ್ತದೆ. ಕೆಳಗಿನ ತೋಳು ಸಪೂರವಾಗಿರುವುದರಿಂದ ಬೂಟಿನ ಒಳಗೂ ಬ್ಯಾಗಿನ ಮೂಲೆಗೂ ನುಗ್ಗುತ್ತದೆ.

ಅಂಕಿಯ ಮುಂದಿನ ‘ಕೆ’ ಅಕ್ಷರ ಕಿಲ್‌ಬೋವಿ ಎಂಬ ಊರಿನ ಗುರುತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಸಿಂಗರ್ ಕಂಪನಿಯ ಮಹಾ ಕಾರ್ಖಾನೆ ಇದ್ದ ಜಾಗವದು. ೧೯೧೧ರ ಮಾರ್ಚ್‌ನಲ್ಲಿ ಅಲ್ಲಿ ಯಂತ್ರದ ಮರದ ಪೆಟ್ಟಿಗೆಗಳಿಗೆ ಮೆರುಗು ಕೊಡುತ್ತಿದ್ದ ಹೆಂಗಸರ ಗುಂಪಿನಿಂದ ಕೆಲವರನ್ನು ತೆಗೆದು, ಅವರ ಪಾಲಿನ ಕೆಲಸವನ್ನು ಉಳಿದ ಹನ್ನೆರಡು ಜನರ ಮೇಲೆ ಹೇರಿದರು. ಆ ಹನ್ನೆರಡು ಹೆಂಗಸರು ಕೆಲಸ ಬಿಟ್ಟು ಎದ್ದರು. ಅವರ ಹಿಂದೆ ಸುಮಾರು ಹನ್ನೊಂದು ಸಾವಿರ ಜನದ ಕಾರ್ಖಾನೆಯೇ ಬಹುಮಟ್ಟಿಗೆ ಎದ್ದಿತು. ಮೂರು ವಾರದಲ್ಲಿ ಮುಷ್ಕರ ಮುರಿಯಿತು. ಮುಂದಾಳುಗಳೂ ಸೇರಿ ಸುಮಾರು ನಾನೂರು ಜನ ಕೆಲಸ ಕಳೆದುಕೊಂಡರು. ಆ ಕಾರ್ಖಾನೆಯೂ ೧೯೮೦ರಲ್ಲಿ ಮುಚ್ಚಿತು. ಅವರ ಕೈಯಿಂದ ಹೊರಟ ಯಂತ್ರಗಳು ನಮ್ಮ ದಂಡಿನ ಗಲ್ಲಿಗಳಲ್ಲಿ ಇನ್ನೂ ಅನ್ನ ಹಾಕುತ್ತಿವೆ.

ಗಾಂಧೀಜಿಯವರು ಯಂತ್ರದ ವಿರೋಧಿ ಎಂದು ಹೇಳುವವರಿಗೆ ಒಂದು ಮಾತು. ೧೯೨೪ರಲ್ಲಿ ರಾಮಚಂದ್ರನ್ ಎಂಬ ತರುಣನೊಡನೆ ಮಾತನಾಡುವಾಗ ಅವರು ಸಿಂಗರನ ಹೊಲಿಗೆ ಯಂತ್ರವನ್ನು ಹೊರತುಪಡಿಸಿದರು. ಹೆಂಡತಿಯ ಶ್ರಮ ನೋಡಲಾರದೆ ಸಿಂಗರ್ ಇದನ್ನು ಮಾಡಿದನೆಂದೂ ಹೇಳಿದರು. ಸಿಂಗರನ ಸಂಸಾರದ ಕಥೆ ಓದಿದವರು ಇದಕ್ಕೆ ನಗಬಹುದು, ಹೋಗಲಿ. ಹಾಗಾದರೆ ಈ ಯಂತ್ರ ಮಾಡುವುದಕ್ಕೆ ಕಾರ್ಖಾನೆ ಬೇಕಲ್ಲ ಎಂದು ಹುಡುಗ ಪಟ್ಟು ಹಿಡಿದ. ಅಂಥ ಕಾರ್ಖಾನೆ ರಾಷ್ಟ್ರದ ಸ್ವತ್ತಾಗಿರಬೇಕು ಎನ್ನುವಷ್ಟು ಸಮಾಜವಾದಿ ನಾನು ಎಂಬ ಅರ್ಥದ ಉತ್ತರ ಬಂತು. ಮುಂದೆ ಲೋಹಿಯಾ ಅವರು ಸಣ್ಣ ಘಟಕದ ಯಂತ್ರ ಎಂದು ಹೇಳುತ್ತಿದ್ದುದು ಏನೆಂದು ಯಾರಾದರೂ ಕೇಳಿದರೆ, ನಾನು ಈ ಮೇಜಿನ ಕಡೆ ಕೈ ತೋರಿಸುತ್ತೇನೆ.

ಇನ್ನು ರೋಗದ ಮಾತು. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಚಕ್ರ ತಿರುಗದ ಯಂತ್ರ ಬಂದರೆ ನೂರಕ್ಕೆ ತೊಂಬತ್ತು ಪಾಲು ಏನೂ ಮುರಿದಿರುವುದಿಲ್ಲ ಎಂಬುದು ನನ್ನ ಅನುಭವ. ಎಣ್ಣೆ ಅಂಟಾಗಿರುತ್ತದೆ. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಬಿಟ್ಟಿರುತ್ತಾರೆ. ಅಡಿಗೆಯ ಎಣ್ಣೆ ಗಾಳಿ ತಾಗಿ ಒಣಗಿದರೆ ಅರಗಿನಂತೆ ಹಿಡಿಯುತ್ತದೆ. ಆಗ ಸುತ್ತಿಗೆ ತೆಗೆಯಬೇಡಿ. ಇದರ ಮೈ ಬೀಡು; ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಎಣ್ಣೆ ತೂತುಗಳನ್ನು ತಂತಿಯಿಂದ ಬಿಡಿಸಿ, ಪ್ರತಿಯೊಂದಕ್ಕೂ ಸೀಮೆಎಣ್ಣೆ ಹನಿಸಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಆಡಿಸಿ. ಮತ್ತೆ ಸೀಮೆಎಣ್ಣೆ, ಮತ್ತೆ ಆಡಿಸುವುದು. ಈ ಯಂತ್ರಕ್ಕೆ ನಾಲ್ಕು ದಿನ ಹಿಡಿಯಿತು. ಬಿಟ್ಟುಕೊಂಡ ಕೂಡಲೇ ಸೀಮೆಎಣ್ಣೆ ಒರೆಸಿ ಯಂತ್ರದ ಎಣ್ಣೆ ಹಾಕಲೇಬೇಕು. ಇಲ್ಲವಾದರೆ ತೊಳೆದ ಜಾಗವೇ ತುಕ್ಕು ಹಿಡಿಯುತ್ತದೆ.

ಹೊಲಿಗೆ ಬಿಡುವುದು ಎರಡನೆಯ ದೂರು. ಇದಕ್ಕೆ ಯಂತ್ರವನ್ನು ಬಿಚ್ಚುವ ಮೊದಲು ಸೂಜಿ ನೋಡಿ. ನಾಲ್ಕು ಕಾಸಿನ ಸೂಜಿಯನ್ನು ಬಿಟ್ಟು ನಾಲ್ಕು ಸಾವಿರದ ಭಾಗಕ್ಕೆ ಕೈ ಹಾಕುವುದು ನಮ್ಮ ರಿಪೇರಿಯವರ ದೊಡ್ಡ ದೋಷ, ನಾನೂ ಮಾಡಿದ್ದೇನೆ. ಬಟ್ಟೆಯ ಸೂಜಿಯ ಮೊನೆ ದುಂಡು. ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಚರ್ಮದಲ್ಲಿ ಎಳೆಗಳ ನೇಯ್ಗೆ ಇಲ್ಲ. ಕೊಯ್ಯುವ ಅಂಚಿನ ಮೊನೆ ಬೇಕು. ಈ ಯಂತ್ರಕ್ಕೆ ಬಟ್ಟೆಯ ಮೊನೆಯದು ೨೯ x ೩, ಚರ್ಮದ ಮೊನೆಯದು ೨೯ x ೪ ಎಂದು ಸಿಂಗರ್ ಸಂಖ್ಯೆ. ಬೇರೆ ಜಾತಿಯ ಸೂಜಿಯನ್ನು ಹೇಗೋ ಸಿಕ್ಕಿಸಿದರೆ ಉದ್ದ ವ್ಯತ್ಯಾಸವಾಗಿ ಲಾಳಿ ಕುಣಿಕೆಯನ್ನು ಹಿಡಿಯದು. ಅಗತ್ಯಕ್ಕಿಂತ ದಪ್ಪ ಸೂಜಿಯೂ ಬೇಡ. ತೂತಿನ ಸಾಲು ಬಿದ್ದು ಚರ್ಮ ಅಂಚೆಚೀಟಿಯಂತೆ ಹರಿಯುತ್ತದೆ.

ಸೂಜಿ ಸರಿಯಿದ್ದರೆ ದಾರ ನೋಡಿ. ದಾರದ ಹುರಿ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಕೇಳಿದರೆ ಅಂಗಡಿಯವರು ನಗುತ್ತಾರೆ. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ದಾರ ಹಿಡಿದು ನಿಮ್ಮ ಕಡೆಗೆ ಹೊರಳಿಸಿ. ಹುರಿ ಬಿಗಿಯಾದರೆ ಅದು ಎಡ ಹುರಿ. ಸೂಜಿಗೆ ಅದೇ ಬೇಕು. ಹುರಿ ಬಿಚ್ಚಿಕೊಂಡರೆ ಆ ದಾರವನ್ನು ಬಾಬಿನ್ನಿಗೆ ಸುತ್ತಿಕೊಳ್ಳಿ, ಸೂಜಿಗೆ ಬೇಡ. ಮಿಲ್ಲಿನ ನೂಲು ಖಾತೆಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೂಜಿ, ದಾರ ಎರಡೂ ಸರಿ, ಆದರೂ ಬಿಡುತ್ತದೆ. ಆಗ ಲಾಳಿಯ ಹತ್ತಿರ ಹೋಗಿ. ಷಟಲ್ ಎಂದು ನಾವು ಹೇಳುವುದು ಮಗ್ಗದ ಲಾಳಿಯ ತಮ್ಮನೇ. ಸೂಜಿ ಕೆಳಗಿನ ತುದಿ ಮುಟ್ಟಿ ಸ್ವಲ್ಪ ಮೇಲೇಳುವಾಗ ದಾರ ಚರ್ಮದಲ್ಲಿ ಹಿಡಿದು ಪಕ್ಕದಲ್ಲಿ ಸಣ್ಣ ಕುಣಿಕೆಯಾಗುತ್ತದೆ. ಈ ಯಂತ್ರದಲ್ಲಿ ಸೂಜಿಯ ಕಂಬಿ ಆ ಗಳಿಗೆಯಲ್ಲಿ ಒಂದು ಕ್ಷಣ ತಡೆದು ನಿಲ್ಲುತ್ತದೆ. ಲಾಳಿಯ ಕೊಂಡಿ ಬಂದು ಕುಣಿಕೆಯೊಳಗೆ ನುಗ್ಗಲಿ ಎಂದು. ಕೊಂಡಿಯ ಮೊನೆ ಸೂಜಿಯ ಕಣ್ಣಿಗಿಂತ ಕೂದಲಷ್ಟು ಮೇಲೆ ಹಾದುಹೋಗಬೇಕು. ಕಣ್ಣಿನ ಮೇಲೇ ಬಂದರೆ, ಇಲ್ಲವೆ ತಡವಾಗಿ ಬಂದರೆ, ಹೊಲಿಗೆ ತಪ್ಪಿತು. ಕೊಂಡಿಯ ಮೊನೆ ಮೊಂಡಾಗಿದ್ದರೆ ಸಣ್ಣ ಸಾಣೆಕಲ್ಲಿನಲ್ಲಿ ತೀಡಬಹುದು, ಅರ ಹಾಕಬೇಡಿ. ತೋಳಿನೊಳಗೆ ಹಲ್ಲಿನ ಸರಳೊಂದು ಸಣ್ಣ ಹಲ್ಲುಚಕ್ರವನ್ನು ಆಡಿಸಿ ಲಾಳಿಯನ್ನು ನಡೆಸುತ್ತದೆ. ದಶಕಗಳ ದುಡಿಮೆಯಲ್ಲಿ ಆ ಹಲ್ಲುಗಳು ಸವೆದು ಸಡಿಲವಾಗುತ್ತವೆ. ದೊಡ್ಡ ಚಕ್ರವನ್ನು ಗಟ್ಟಿಯಾಗಿ ಹಿಡಿದು ಲಾಳಿಯನ್ನು ಬೆರಳಿನಿಂದ ಆಡಿಸಿ ನೋಡಿದರೆ ಸವೆತ ಎಷ್ಟೆಂದು ತಿಳಿಯುತ್ತದೆ.

ಮೂರನೆಯ ದೂರು ಬಹಳ ಮೋಸದ್ದು. ಹೊಲಿಗೆ ಬೀಳುತ್ತದೆ, ಆದರೆ ಗಿಡ್ಡ. ಎಷ್ಟು ಉದ್ದಕ್ಕೆ ಇಟ್ಟರೂ ಗಿಡ್ಡವೇ. ಜನ ಪಾದದ ಹಲ್ಲು ಸವೆದಿದೆ ಎಂದು ಹೊಸ ಪಾದ ತರುತ್ತಾರೆ, ಒತ್ತಡ ಬಿಗಿ ಮಾಡುತ್ತಾರೆ, ಚರ್ಮದ ಮೇಲೆ ಗಾಯ ಬೀಳಿಸುತ್ತಾರೆ. ನಿಜವಾದ ಕಾರಣ ಹೆಚ್ಚಾಗಿ ಪಾದವನ್ನು ನಡೆಸುವ ಸನ್ನೆಯಲ್ಲಿರುತ್ತದೆ. ಸನ್ನೆ ತಾಗುವ ಜಾಗ ಸವೆದರೆ, ಅದರ ಚಲನೆಯ ಒಂದು ಪಾಲು ಆ ಸಡಿಲದಲ್ಲೇ ಕರಗಿಹೋಗುತ್ತದೆ. ಪಾದಕ್ಕೆ ತಲುಪುವುದು ಉಳಿದಷ್ಟು ಮಾತ್ರ. ಸವೆದ ಜಾಗಕ್ಕೆ ಹಿತ್ತಾಳೆ ಬೆಸುಗೆಯಲ್ಲಿ ಲೋಹ ತುಂಬಿ, ಅರದಿಂದ ಹಳೆಯ ಅಳತೆಗೆ ತಂದರೆ ಯಂತ್ರಕ್ಕೆ ಹರೆಯ ಬರುತ್ತದೆ. ನಿನ್ನೆ ಸಂಜೆ ಇದಕ್ಕೆ ಮಾಡಿರುವುದು ಅದನ್ನೇ.

ಬಿಚ್ಚುವಾಗ ಒಂದು ಎಚ್ಚರ. ಸಿಂಗರ್ ಕಂಪನಿಯ ತಿರುಪುಮೊಳೆಗಳ ಮರೆ ಅವರದೇ ಅಳತೆಯದು. ಅಂಗಡಿಯ ಮೊಳೆ ಕೂರುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಬೀಡಿನೊಳಗಿನ ಮರೆ ಹಾಳು. ತಿರುಪುಳಿಯ ತುದಿಯನ್ನು ಮೊಳೆಯ ಸೀಳಿಗೆ ಸರಿಯಾಗಿ ತೀಡಿಕೊಂಡೇ ಕೈ ಹಾಕಿ. ಮೊಳೆ ಕಳೆದರೆ ಲೇತಿನಲ್ಲಿ ಕಡೆಸಬೇಕು. ಕೆ.ಆರ್. ಪುರಂ ಕಡೆ ೧೯೪೮ರಲ್ಲಿ ಐ.ಟಿ.ಐ. ಬಂತು, ೧೯೫೬ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಬಂತು. ಎನ್.ಜಿ.ಇ.ಎಫ್. ಮುಚ್ಚಿ ಎಷ್ಟೋ ವರ್ಷವಾಯಿತು. ಆದರೆ ಇಂಥ ಕಾರ್ಖಾನೆಗಳಲ್ಲಿ ಪಳಗಿದ ಕೈಗಳ ವಿದ್ಯೆ ಸಣ್ಣ ವರ್ಕ್‌ಷಾಪುಗಳಲ್ಲಿ ಉಳಿದಿದೆ. ಅವರನ್ನು ಹುಡುಕಿ. ಲೂಧಿಯಾನದ ಭಾಗಗಳು ಸಿಗುತ್ತವೆ. ಕೆಲವು ಚೆನ್ನಾಗಿಯೇ ಕೂರುತ್ತವೆ, ಕೆಲವನ್ನು ತೀಡಿ ಕೂರಿಸಬೇಕು.

ಹೊಸ ಯಂತ್ರ ಕೊಳ್ಳಬಾರದೆ ಎಂದು ತರುಣರು ಕೇಳುತ್ತಾರೆ. ಕೊಳ್ಳಿ, ಯಾರು ಬೇಡವೆಂದರು? ಇದೇ ಮಾದರಿಯ ಅಗ್ಗದ ಚೀನಾ ಯಂತ್ರ ಈಗ ಮಾರುಕಟ್ಟೆಯಲ್ಲಿದೆ. ಒರಟಾಗಿ ಬಂದದ್ದನ್ನು ಬಿಚ್ಚಿ ತೀಡಿ ಸರಿ ಮಾಡಿಕೊಂಡರೆ ದುಡಿಯುತ್ತದೆ. ಅದಕ್ಕೂ ಇದೇ ವಿದ್ಯೆ ಬೇಕು. ಇನ್ನು ವಿದ್ಯುತ್ ಹಲಗೆ ಕೂರಿಸಿದ ದೊಡ್ಡ ಯಂತ್ರಗಳಲ್ಲಿ ಹಲಗೆ ಕೆಟ್ಟರೆ ಕಂಪನಿಯವನು ಬರುವ ತನಕ ಕೈಕಟ್ಟಿ ಕೂರಬೇಕು. ೨೦೨೨ರಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಒಳ್ಳೆಯದೇ. ಆದರೆ ಹಕ್ಕು ಕೊಟ್ಟಮೇಲೆ ತಿರುಪುಳಿ ಹಿಡಿಯುವ ಕೈಯೂ ಬೇಕಲ್ಲವೆ? ೧೯೭೬ರಲ್ಲಿ ಸ್ಥಾಪನೆಯಾದ ನಮ್ಮ ರಾಜ್ಯದ ಚರ್ಮ ಕೈಗಾರಿಕಾ ನಿಗಮ, ಎಂದರೆ ಲಿಡ್ಕರ್, ಹಳೆಯ ಯಂತ್ರವನ್ನು ಎಬ್ಬಿಸುವ ಕೆಲಸವನ್ನೂ ಕಸುಬಿನ ಭಾಗವೆಂದು ಕಲಿಸಲಿ ಎಂದು ನಾವು ಒತ್ತಾಯಿಸಬೇಕು. ಅಲ್ಲಿಯವರೆಗೆ ಒಂದೊಂದು ಗಲ್ಲಿಯ ಐದಾರು ಜನ ಸೇರಿ ಒಂದು ಪೆಟ್ಟಿಗೆ ಇಡಿ. ಗುಜರಿಗೆ ಬಂದ ಪ್ರತಿ ೨೯ರಿಂದ ಲಾಳಿ, ಮೊಳೆ, ಸನ್ನೆ ಬಿಚ್ಚಿ ಅದರಲ್ಲಿ ಹಾಕಿ. ಸತ್ತ ಎರಡು ಯಂತ್ರ ಸೇರಿ ಒಂದು ಏಳುತ್ತದೆ.

ಮೊನ್ನೆ ಇಂದಿರಾನಗರದ ಒಂದು ಹೋಟೆಲಿಗೆ ಹೋಗಿದ್ದೆ. ಹೊಲಿಗೆ ಯಂತ್ರದ ಕಾಲಿನ ಮೇಲೆ ಕಲ್ಲು ಹಾಸಿ ಕಾಫಿಯ ಮೇಜು ಮಾಡಿದ್ದರು. ಕಾಲಿನಿಂದ ತುಳಿದು ನೋಡಿದೆ. ಪೆಡಲು ಚೆನ್ನಾಗಿಯೇ ಆಡುತ್ತಿತ್ತು. ಮಾಣಿ ನನ್ನನ್ನು ವಿಚಿತ್ರವಾಗಿ ನೋಡಿದ.

ಸರಿ, ಮಾತು ಸಾಕು. ಬೆಸುಗೆ ಹಾಕಿದ ಸನ್ನೆಯ ಪರೀಕ್ಷೆ ಇನ್ನೂ ಆಗಿಲ್ಲ. ಯಾರ ಬಳಿಯಾದರೂ ಈ ಸಭೆಯ ಕರಪತ್ರ ಉಳಿದಿದ್ದರೆ ಕೊಡಿ. ದಾರ ಹಾಕದೆ ಅದರ ಮೇಲೆ ಓಡಿಸೋಣ. ಉದ್ದವನ್ನು ಪೂರ್ತಿಗೆ ಇಟ್ಟಿದ್ದೇನೆ. ತೂತುಗಳು ದೂರದೂರ ಬಿದ್ದರೆ ಬೆಸುಗೆ ಹಿಡಿದಿದೆ, ಒತ್ತೊತ್ತಾಗಿ ಬಿದ್ದರೆ ಮತ್ತೆ ಬಿಚ್ಚಬೇಕು. ಪಾದವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಬೇಕು. ಹತ್ತಿರ ಬನ್ನಿ. ಯಜಮಾನರೆ, ಚಕ್ರ ನೀವೇ ತಿರುಗಿಸಿ.